ಕುರುಗೋಡಿನ ತಗ್ಗಿನಲ್ಲಿ ವೈನ್ ದ್ರಾಕ್ಷಿ

ನಮ್ಮ ದೊಡ್ಡವ್ವ ಅರವತ್ತೇಳನೇ ವಯಸ್ಸಿನಲ್ಲಿ ವೈನ್ ದ್ರಾಕ್ಷಿ ಹಾಕುತ್ತೇನೆಂದು ಹೇಳಿದಾಗ ಮನೆಯಲ್ಲಿ ಎದ್ದ ಮೊದಲ ಪ್ರಶ್ನೆ, ಅದು ಬಳ್ಳಾರಿಯ ಬಿಸಿಲಿಗೆ ಬೆಳೆಯುತ್ತದೋ ಇಲ್ಲವೋ ಎಂಬುದಲ್ಲ. ಹೆಂಡದ ಹಣ್ಣು ಬೆಳೆದ ಕೈಯಿಂದ ಲಿಂಗಪೂಜೆ ಮಾಡಬಹುದೋ ಇಲ್ಲವೋ ಎಂಬುದು. ಪ್ರಶ್ನೆ ಎತ್ತಿದವನು ನನ್ನ ಸೋದರಮಾವ, ಅಂದರೆ ದೊಡ್ಡವ್ವನ ತಮ್ಮ. ಆತ ಲಿಂಗಪೂಜೆ ಮಾಡುವುದನ್ನು ನಾನು ನೋಡಿದ್ದು ಒಟ್ಟು ಎರಡು ಸಲ. ಎರಡೂ ಸಲ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು.

"ನೀ ಭತ್ತ ಮಾರ್ತೀಯಲ್ಲ, ಆ ಅನ್ನ ಉಂಡೋರು ಆಮ್ಯಾಲೆ ಏನೇನ್ ಮಾಡ್ತಾರ ಅಂತ ಕೇಳ್ಕೊಂಡು ಬಂದೀಯೇನು?" ಎಂದಳು ದೊಡ್ಡವ್ವ.

ಮಾವ ತೆಲುಗಿನಲ್ಲಿ ಏನೋ ಗೊಣಗಿಕೊಂಡು ಎದ್ದುಹೋದ. ನಮ್ಮ ಕಡೆ ಬೈಯುವುದಕ್ಕೆ ತೆಲುಗು, ಚೌಕಾಶಿಗೆ ಉರ್ದು, ಉಳಿದದ್ದಕ್ಕೆ ಕನ್ನಡ.

ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಮೂವತ್ತೊಂದು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಅದೇ ಬೆಟ್ಟದ ಚಿತ್ರ ಬಿಡಿಸಿ, ಬುಡದಲ್ಲಿ ‘ಬಿಸಿ’ ಎಂದೂ ನೆತ್ತಿಯಲ್ಲಿ ‘ತಂಪು’ ಎಂದೂ ಬರೆಯುತ್ತಾ ಬಂದಿದ್ದೇನೆ. ಬೆಟ್ಟ ಬದಲಾಗಿಲ್ಲ, ಸೀಮೆಸುಣ್ಣ ಮಾತ್ರ ಸವೆದಿದೆ. ನಮ್ಮ ಮನೆಗಳಲ್ಲಿ ಮಣ್ಣು, ಮಳೆ, ಗಾಳಿಯ ಮಾತು ಬಂದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನೂ ಗಂಟಲು ಸರಿಮಾಡಿಕೊಳ್ಳುತ್ತೇನೆ. ಮುಂದೆ ಆದ ಅನಾಹುತಕ್ಕೆ ಅರ್ಧ ಕಾರಣ ಆ ಗಂಟಲು.

ತಾತ ತೀರಿಕೊಳ್ಳುವ ಮೊದಲೇ ಭೂಮಿ ಪಾಲು ಮಾಡಿದ್ದ. ಮಗನಿಗೆ ಸಿರುಗುಪ್ಪದ ಕಡೆ ಸಿರಿಗೇರಿಯಲ್ಲಿ ಕಾಲುವೆ ನೀರು ಹರಿಯುವ ಎರೆ ಭೂಮಿ ಬಂತು. ಬೆಣ್ಣೆಯಂಥ ಕಪ್ಪು ಮಣ್ಣು, ವರ್ಷಕ್ಕೆರಡು ಸಲ ಭತ್ತ. ನಮ್ಮವ್ವನಿಗೆ ಒಂದಿಷ್ಟು ಬಂಗಾರ. ದೊಡ್ಡವ್ವನಿಗೆ ಕುರುಗೋಡಿನ ಗುಡ್ಡದ ಮಗ್ಗುಲಲ್ಲಿ ಐದು ಎಕರೆ ಗರಸು. ಗರಸು ಎಂದರೆ ಕೆಂಪು ಮಣ್ಣಿಗೂ ಕಲ್ಲಿಗೂ ನಡುವಿನದು: ಒಂದು ಹಿಡಿ ಎತ್ತಿಕೊಂಡರೆ ಅರ್ಧ ಬೆರಳ ಸಂದಿಯಿಂದ ಜಾರಿಹೋಗುತ್ತದೆ, ಉಳಿದರ್ಧದಿಂದ ನಾಯಿಗೆ ಹೊಡೆಯಬಹುದು. ಆ ನೆಲದಲ್ಲಿ ದೊಡ್ಡವ್ವ ಶೇಂಗಾ ಬೆಳೆದಳು. ಗಂಡ ಬೇಗ ಹೋದ, ಮಕ್ಕಳಿರಲಿಲ್ಲ. ಊರೊಳಗೆ ಒಂದು ಹಿಟ್ಟಿನ ಗಿರಣಿ ಹಾಕಿಕೊಂಡಳು. ಗಿರಣಿಯ ಸದ್ದಿನ ಮೇಲೆ ನಲವತ್ತು ವರ್ಷ ಮಾತಾಡಿದ್ದರಿಂದ ಈಗ ಅವಳು ಗುಟ್ಟು ಹೇಳಿದರೂ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ.

ದ್ರಾಕ್ಷಿ ಅವಳ ತಲೆಗೆ ಹತ್ತಿದ್ದು ಆ ಗಿರಣಿಯಲ್ಲೇ. ಒಂದು ವೈನ್ ಕಂಪನಿಯ ಫೀಲ್ಡ್ ಆಫೀಸರ್, ವಿಜಯಪುರದ ಕಡೆಯ ಮೂವತ್ತರ ಆಸುಪಾಸಿನ ಗಂಡಸು, ಹೊಸ ಜಾಗ ಹುಡುಕುತ್ತಾ ಬಂದವನು ದಾರಿ ಕೇಳಲು ಗಿರಣಿಯ ಮುಂದೆ ಬೈಕ್ ನಿಲ್ಲಿಸಿದ. ಮಾತು ಬೆಳೆಯುತ್ತಾ ಹೋಗಿ ದೊಡ್ಡವ್ವ ಅವನನ್ನು ಹೊಲಕ್ಕೆ ಕರೆದುಕೊಂಡು ಹೋದಳು. ಅವನು ಬಗ್ಗಿ ಒಂದು ಹಿಡಿ ಗರಸು ಎತ್ತಿ, ಅಲ್ಲಾಡಿಸಿ, ಬಂಗಾರ ಸಿಕ್ಕಿದವನ ಹಾಗೆ ನಕ್ಕನಂತೆ.

"ಅಜ್ಜಿ, ಈ ಮಣ್ಣು ನಿಮ್ದರಿ?"

"ಅಜ್ಜಿ ಅಂದ್ರ ಮಣ್ಣೂ ನಂದಲ್ಲ, ಕಲ್ಲೂ ನಂದಲ್ಲ."

"ತಪ್ಪಾತ್ರಿ, ಅಕ್ಕಾರ."

ಆಮೇಲೆ ಅವನು ವಿವರಿಸಿದ. ತಿನ್ನುವ ದ್ರಾಕ್ಷಿಗೆ ಹೊಟ್ಟೆ ತುಂಬಾ ಗೊಬ್ಬರ, ನೀರು ಬೇಕು. ವೈನ್ ದ್ರಾಕ್ಷಿಯನ್ನು ಅರೆಹೊಟ್ಟೆಯಲ್ಲೇ ಇಡಬೇಕು. ಸುಖ ಸಿಕ್ಕರೆ ಬಳ್ಳಿ ಬರೀ ಎಲೆ ಬಿಡುತ್ತದೆ. ನೀರು ನಿಲ್ಲದ ಕಲ್ಲು ನೆಲದಲ್ಲಿ ಒದ್ದಾಡಿದರೆ ಕಾಯಿ ಸಣ್ಣದಾಗುತ್ತದೆ, ಸಿಪ್ಪೆ ದಪ್ಪಗಾಗುತ್ತದೆ, ಬಣ್ಣ, ರುಚಿ ಎಲ್ಲ ಆ ಸಣ್ಣ ಕಾಯಿಯೊಳಗೇ ತುಂಬಿಕೊಳ್ಳುತ್ತದೆ.

"ಅಂದ್ರ ನಮ್ಮಪ್ಪ ಹೆಣ್ಮಕ್ಕಳ್ನ ಸಾಕಿದಂಗ ಅನ್ರಿ," ಎಂದಳು ದೊಡ್ಡವ್ವ.

ಆದರೆ ಅವನಿಗೆ ಒಂದು ಅನುಮಾನವಿತ್ತು. "ಹಗಲು ಬಿಸಿಲು ಸಕ್ಕರಿ ಮಾಡ್ತೈತ್ರಿ, ರಾತ್ರಿ ತಂಪು ಹುಳಿ ಕಾಯ್ತೈತ್ರಿ. ಎರಡೂ ಬೇಕು. ಎತ್ತರದ ಊರಾಗ ತಂಪು ತಾನಾಗೇ ಸಿಗ್ತೈತಿ. ನಿಮ್ಮಲ್ಲಿ ಬಿಸಿಲಿಗೇನೂ ಬರ ಇಲ್ಲ. ತಂಪು ಎಲ್ಲಿಂದ ತರ್ತೀರಿ?"

ದೊಡ್ಡವ್ವ ನನಗೆ ಫೋನ್ ಮಾಡಿದಳು. ಭಾನುವಾರ ಕುರುಗೋಡಿಗೆ ಹೋದೆ. ಅವಳ ಹೊಲ ಗುಡ್ಡದ ಬಂಡೆಗಳಿಗೆ ಅಂಟಿಕೊಂಡಂತೆ ಮೇಲೆ ಶುರುವಾಗಿ, ಕೆಳಗಿಳಿಯುತ್ತಾ ಬಂದು, ಕೊನೆಗೆ ಒಂದು ತಗ್ಗಿನಲ್ಲಿ ಮುಗಿಯುತ್ತದೆ. ನಾನು ಬದುವಿನ ಮೇಲೆ ನಿಂತು, ಸೊಂಟಕ್ಕೆ ಕೈಯಿಟ್ಟು, ಗಂಟಲು ಸರಿಮಾಡಿಕೊಂಡೆ. ಎತ್ತರಕ್ಕೆ ಹೋದಂತೆ ತಂಪು ಹೆಚ್ಚುತ್ತದೆ, ನೂರರವತ್ತೈದು ಮೀಟರಿಗೆ ಒಂದು ಡಿಗ್ರಿ, ಆದ್ದರಿಂದ ಬಳ್ಳಿಗಳನ್ನು ಮೇಲೆ, ಬಂಡೆಯ ಪಕ್ಕ ಹಾಕಬೇಕು ಎಂದು ತೀರ್ಪು ಕೊಟ್ಟೆ. ಮೇಲಿನ ತುದಿ ಕೆಳಗಿನದಕ್ಕಿಂತ ಹೆಚ್ಚೆಂದರೆ ಐದಾರು ಅಂತಸ್ತಿನ ಕಟ್ಟಡದಷ್ಟು ಎತ್ತರವಿತ್ತು. ನನ್ನದೇ ಸೂತ್ರದ ಪ್ರಕಾರ ಆ ಎರಡು ತುದಿಗಳ ವ್ಯತ್ಯಾಸ ಜ್ವರ ನೋಡುವ ಥರ್ಮಾಮೀಟರಿಗೂ ಸರಿಯಾಗಿ ಸಿಗುತ್ತಿರಲಿಲ್ಲ. ಆದರೆ ತೀರ್ಪು ಕೊಡುವವರು ಗುಣಾಕಾರ, ಭಾಗಾಕಾರಗಳ ಗೋಜಿಗೆ ಹೋಗುವುದಿಲ್ಲ.

ದೊಡ್ಡವ್ವ ಒಮ್ಮೆ ತಕರಾರು ತೆಗೆದಳು. "ಏ, ಚಳಿಗಾಲದಾಗ ಆ ತಗ್ಗಿನ್ಯಾಗ ಕಾಲು ಮರಗಟ್ಟತಾವಲೇ. ಶೇಂಗಾ ಕೀಳಾಕ ಬಂದ ಹೆಣ್ಮಕ್ಕಳು ಬಿಸಿಲು ಏರೋ ಮಟಾ ಮ್ಯಾಲೇ ಕುಂದರ್ತಾರ."

"ಅದು ತೇವ, ದೊಡ್ಡವ್ವ. ತಂಪಲ್ಲ," ಎಂದೆ. ಇವತ್ತಿಗೂ ಆ ವಾಕ್ಯ ನೆನಪಾದರೆ ಸ್ನಾನ ಮಾಡುವಾಗ ಒಬ್ಬಳೇ ಇದ್ದರೂ ಮುಖ ಮುಚ್ಚಿಕೊಳ್ಳಬೇಕೆನಿಸುತ್ತದೆ.

ಪ್ರೊಫೆಸರ್ ಹೇಳಿದ ಮೇಲೆ ಮುಗಿಯಿತು. ಜುಲೈನಲ್ಲಿ ಸಸಿಗಳು ಬಂದವು. ಶಿರಾಜ್ ಎಂಬ ಕೆಂಪು ವೈನಿನ ತಳಿ. ಕೆಲಸದ ಹೆಣ್ಣುಮಕ್ಕಳು ಎರಡೇ ದಿನದಲ್ಲಿ ಅದನ್ನು ಸಿರಾಜಣ್ಣ ಮಾಡಿಬಿಟ್ಟರು. "ಸಿರಾಜಣ್ಣಗ ನೀರು ಬಿಟ್ಟೀರೇನ್ರಿ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಬಹುಪಾಲು ಸಸಿಗಳನ್ನು ಮೇಲೆ ನೆಟ್ಟರು. ಉಳಿದ ಕೆಲವನ್ನು ಎಸೆಯಲು ಮನಸ್ಸಾಗದೆ ದೊಡ್ಡವ್ವ ಕೆಳಗಿನ ತಗ್ಗಿನಲ್ಲಿ ಆರು ಸಾಲು ಹಾಕಿಸಿದಳು. ಅಷ್ಟರಲ್ಲಿ ಲಿಂಗಪೂಜೆಯ ಚಿಂತೆ ಬಿಟ್ಟಿದ್ದ ಮಾವ ಟ್ರ್ಯಾಕ್ಟರ್ ತಂದು, ಆಫೀಸರ್ ಬೇಡವೆಂದರೂ ಕೇಳದೆ, ಅದೇ ಸಸಿಗಳನ್ನು ಒಂದು ಎಕರೆಯಷ್ಟು ಸಿರಿಗೇರಿಗೆ ಒಯ್ದ. "ಕಲ್ಲಿನ್ಯಾಗ ಬರೋದು ಎರಿಯಾಗ ಬರಂಗಿಲ್ಲೇನು?" ಎಂಬುದು ಆತನ ವಾದ.

ಬಂತು. ಭಯಂಕರವಾಗಿ ಬಂತು. ಒಂದೇ ವರ್ಷದಲ್ಲಿ ಮಾವನ ಬಳ್ಳಿಗಳು ತಂತಿ ಹತ್ತಿ, ಇಳಿದು, ಪಕ್ಕದ ಸಾಲಿಗೆ ದಾಟಿ, ಒಂದರ ಮೇಲೊಂದು ಮಲಗಿಕೊಂಡವು. ಎಲೆಗಳು ಊಟಕ್ಕೆ ಹಾಕುವಷ್ಟು ಅಗಲ. ಮಾವ ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಶುಭೋದಯದ ಜೊತೆ ಒಂದೊಂದು ಎಲೆಯ ಫೋಟೊ ಕಳಿಸುತ್ತಿದ್ದ, ಪಕ್ಕದಲ್ಲಿ ಅಳತೆಗೆ ತನ್ನ ಅಂಗೈ ಇಟ್ಟು. ಬೇಸಿಗೆಯಲ್ಲಿ ಎರೆ ಒಣಗಿ ತೋಳು ಇಳಿಯುವಷ್ಟು ಬಿರುಕು ಬಿಟ್ಟು ಬೇರು ಹರಿದಾಗ ಬಳ್ಳಿ ಬಾಡುತ್ತಿತ್ತು. ಆತ ಗಾಬರಿಯಾಗಿ ನೀರು ತುಂಬಿಸುತ್ತಿದ್ದ. ಮತ್ತೆ ಎಲೆ ಉಕ್ಕುತ್ತಿತ್ತು.

ದೊಡ್ಡವ್ವನ ಬಳ್ಳಿಗಳಾದರೋ ಉಪವಾಸದಿಂದ ಎದ್ದವರ ಹಾಗೆ ತಂತಿ ಹಿಡಿದುಕೊಂಡು ನಿಂತಿದ್ದವು. ಮಾವ ಒಮ್ಮೆ ಬಂದು ನೋಡಿ, "ಅಕ್ಕಾ, ಇವನ್ನ ಡಾಕ್ಟರ್‌ಗೆ ತೋರಿಸೀ ಏನು?" ಎಂದು ನಕ್ಕ. ದೊಡ್ಡವ್ವ ನಗಲಿಲ್ಲ. ಅವತ್ತು ಅವಳು ಗಿರಣಿಯನ್ನು ಮಧ್ಯಾಹ್ನಕ್ಕೇ ಬಂದ್ ಮಾಡಿದಳೆಂದು ಆಮೇಲೆ ತಿಳಿಯಿತು.

ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಕತ್ತರಿ ಹಾಕುತ್ತಾರೆ. ಆಫೀಸರ್ ಅದಕ್ಕೆ ತನ್ನ ಕಡೆಯ ಮಾತಿನಲ್ಲಿ ಚಾಟ್ನಿ ಎನ್ನುತ್ತಿದ್ದ. ಮೊದಲ ಸಲ ಕೇಳಿದಾಗ ದೊಡ್ಡವ್ವ ಶೇಂಗಾ ಹುರಿಯಲು ಒಳಗೆ ಹೋಗಿದ್ದಳು. ಏಪ್ರಿಲ್ ಚಾಟ್ನಿ ಕಡ್ಡಿ ಬಲಿಯಲು, ಅಕ್ಟೋಬರ್ ಚಾಟ್ನಿ ಹಣ್ಣು ಬಿಡಲು. ಹಿಮ ಬೀಳುವ ದೇಶದಲ್ಲಿ ಚಳಿಗೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದಂತೆ, ವಸಂತಕ್ಕೆ ಏಳುತ್ತದಂತೆ. ನಮ್ಮಲ್ಲಿ ಅದಕ್ಕೆ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂದೇ ತಿಳಿಯುವುದಿಲ್ಲ, ಕತ್ತರಿಯಿಂದ ಹೇಳಬೇಕು.

ಎರಡನೇ ವರ್ಷದ ಅಕ್ಟೋಬರಿನಲ್ಲಿ ಕತ್ತರಿ ಬಿತ್ತು, ಮಾರ್ಚ್ ಶುರುವಿನಲ್ಲಿ ಮೊದಲ ಫಸಲು. ಆಫೀಸರ್ ಕೊಳವೆಯಂಥ ಒಂದು ಸಣ್ಣ ಉಪಕರಣ ತಂದಿದ್ದ. ಅದರ ಗಾಜಿನ ಮೇಲೆ ಒಂದು ಹನಿ ರಸ ಹಿಂಡಿ, ಬಿಸಿಲಿಗೆ ಹಿಡಿದು ಕಣ್ಣಿಟ್ಟು ನೋಡಿದರೆ ಎಷ್ಟು ಸಕ್ಕರೆಯಿದೆ ಎಂದು ಗೊತ್ತಾಗುತ್ತದೆ. ನಾನೂ ದೊಡ್ಡವ್ವನೂ ಅವನ ಜೊತೆ ಮೊದಲು ಸಿರಿಗೇರಿಗೆ ಹೋದೆವು. ಮಾವ ಬಿಳಿ ಅಂಗಿ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದ.

ಆತನ ದ್ರಾಕ್ಷಿ ನೇರಳೆ ಹಣ್ಣಿನಷ್ಟು ಉಬ್ಬಿದ್ದವು. ಆಫೀಸರ್ ಎಲೆಗಳ ಕಾಡಿನೊಳಗೆ ತೋಳು ತೂರಿಸಿ ಗೊಂಚಲು ಎಳೆದ. ಅದರ ಹೊಟ್ಟೆಯಲ್ಲಿ ಅರ್ಧ ಕೊಳೆತಿತ್ತು. ಒಂದನ್ನು ಬಾಯಿಗೆ ಹಾಕಿ ಪಕ್ಕಕ್ಕೆ ಉಗಿದ. ಕೊಳವೆಯಲ್ಲಿ ನೋಡಿದ. ಇನ್ನೊಮ್ಮೆ ಒರೆಸಿ ನೋಡಿದ.

"ಯಜಮಾನ್ರ, ಇದು ದ್ರಾಕ್ಷಿ ಅಲ್ರಿ. ನೀರಿನ ಪಾಕೀಟು."

"ಇನ್ನೊಂದು ಎಂಟು ದಿನ ಬಿಟ್ರ?"

"ಇನ್ನಷ್ಟು ನೀರು."

ವಾಪಸ್ ಬರುವಾಗ ದೊಡ್ಡವ್ವ ಕಾರಿನಲ್ಲಿ ನಗುತ್ತಾಳೆಂದು ಕಾದೆ. ಅವಳು ಕಿಟಕಿಯಾಚೆ ಹಸಿರು ಭತ್ತದ ಗದ್ದೆಗಳನ್ನು ನೋಡುತ್ತಾ ಕೂತಿದ್ದಳು. "ಎರಿ ಭೂಮಿ ಕೊಟ್ಟು ಅಪ್ಪ ಅವನ್ನ ಕೆಡಿಸ್ಯಾನ. ಏನು ಚೆಲ್ಲಿದ್ರೂ ಬರ್ತೈತಿ ಅಂತ ತಿಳಕೊಂಡಾನ," ಎಂದಳು.

ಕುರುಗೋಡಿಗೆ ಬರುವ ಹೊತ್ತಿಗೆ ಹೊತ್ತು ಮುಳುಗಲು ಬಂದಿತ್ತು. ಮೇಲಿನ ಸಾಲಿನ ಹಣ್ಣಿನ ಸಕ್ಕರೆ ನೋಡಿ ಆಫೀಸರ್ ಹುಬ್ಬೇರಿಸಿದ. ನಾನು ಗಂಟಲು ಸರಿಮಾಡಿಕೊಂಡೆ. ಅವನು ಒಂದು ಹಣ್ಣು ಬಾಯಿಗೆ ಹಾಕಿಕೊಂಡ. ಮುಖ ಇಳಿಯಿತು.

"ಬೆಲ್ಲದ ನೀರು ಕುಡದಂಗ ಆಗ್ತೈತ್ರಿ. ಹುಳಿ ಎಲ್ಲಾ ಸುಟ್ಟು ಹೋಗೇತಿ. ಬಣ್ಣಾನೂ ಹಿಡದಿಲ್ಲ." ಬಂಡೆಯ ಹತ್ತಿರ ಹೋಗಿ ಅಂಗೈ ಇಟ್ಟು ತಟ್ಟನೆ ತೆಗೆದ. "ರೊಟ್ಟಿ ಹಂಚು ಆಗೇತ್ರಿ ಇದು. ಹಗಲೆಲ್ಲಾ ಕಾಯ್ತೈತಿ, ಬೆಳತನಕ ಕಾವು ಬಿಡ್ತೈತಿ. ಇಲ್ಲಿ ಹಾಕ್ರಿ ಅಂದೋರು ಯಾರ್ರಿ?"

"ನಮ್ಮ ಪ್ರೊಫೆಸರ್," ಎಂದಳು ದೊಡ್ಡವ್ವ, ಗಿರಣಿಯ ಗಂಟಲಿನಲ್ಲಿ. ಹೊಲದಲ್ಲಿದ್ದ ಹೆಣ್ಣುಮಕ್ಕಳೆಲ್ಲ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು.

ತಗ್ಗಿನ ಆರು ಸಾಲುಗಳನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಅವನು ಹೋಗುವಾಗ ಸುಮ್ಮನೆ ಒಂದು ಗೊಂಚಲು ಕಿತ್ತುಕೊಂಡ. ಕವಳೆ ಹಣ್ಣಿಗಿಂತ ಸಣ್ಣ ಕಾಯಿ, ಕಪ್ಪಗೆ, ಬಿಗಿಯಾಗಿ. ಒಂದು ತಿಂದ. ಇನ್ನೊಂದು ತಿಂದ. ಮೂರನೆಯದನ್ನೂ ತಿಂದ. ನಾಲ್ಕನೆಯದಾದ ಮೇಲೆ ನಾಲಿಗೆ ಹೊರಚಾಚಿ ನಮಗೆ ತೋರಿಸಿದ: ಮಸಿ ಕುಡಿದಂತೆ ನೇರಳೆ ಬಣ್ಣ.

"ಅಕ್ಕಾರ, ಇಲ್ಲಿ ಹುಳಿ ಉಳದೈತ್ರಿ. ಯಾಕ ಉಳದೈತಿ?"

ದೊಡ್ಡವ್ವ ನನ್ನ ಕಡೆ ನೋಡಲೂ ಇಲ್ಲ. ಅದು ಬೈದದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು.

ಆ ವರ್ಷದ ಚಳಿಗಾಲಕ್ಕೆ ಮುಂಚೆ ನಾನು ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಶಾಲೆಗಳಿಗೆ ಪ್ರಯೋಗದ ಸಾಮಾನು ಮಾರುವ ಅಂಗಡಿಗೆ ಹೋಗಿ, ದಿನದ ಅತಿ ಹೆಚ್ಚು, ಅತಿ ಕಡಿಮೆ ಉಷ್ಣತೆ ಎರಡನ್ನೂ ಗುರುತು ಹಿಡಿದಿಡುವ ಥರ್ಮಾಮೀಟರ್ ಎರಡು ಕೊಂಡೆ.

"ಮನಿಯಾಗ ಯಾರಿಗ್ರಿ ಜ್ವರ, ಮೇಡಂ?" ಎಂದ ಅಂಗಡಿಯವನು.

"ಗುಡ್ಡಕ್ಕೆ," ಎಂದೆ. ಅವನು ಚಿಲ್ಲರೆಯನ್ನು ಸ್ವಲ್ಪ ದೂರದಿಂದಲೇ ಕೊಟ್ಟ.

ಒಂದನ್ನು ಮೇಲೆ, ಒಂದನ್ನು ತಗ್ಗಿನಲ್ಲಿ, ಬಿಸಿಲು ತಾಗದಂತೆ ಹಣ್ಣಿನ ಕ್ರೇಟಿನೊಳಗೆ ಕಟ್ಟಿದೆವು. ದೊಡ್ಡವ್ವ ದಿನಾ ಬೆಳಿಗ್ಗೆ ಎರಡನ್ನೂ ಓದಿ ಫೋನ್ ಮಾಡುತ್ತಿದ್ದಳು. ನಾನು ಆ ಹೊತ್ತಿಗೆ ಸ್ಟಾಫ್ ರೂಮಿನಲ್ಲಿರುತ್ತಿದ್ದೆ. "ಮ್ಯಾಲ ಹದಿನೇಳು! ತಗ್ಗಿನ್ಯಾಗ ಹದಿಮೂರು!" ಎಂದು ಅವಳು ಕೂಗಿದರೆ ಇಡೀ ಸ್ಟಾಫ್ ರೂಮಿಗೆ ಕೇಳಿಸುತ್ತಿತ್ತು. ನಾನು ನೆಟ್ವರ್ಕ್ ಸರಿಯಿಲ್ಲವೆಂದು ಕಾರಿಡಾರಿಗೆ ಓಡುತ್ತಿದ್ದೆ. ಮೂರು ಡಿಗ್ರಿ, ಕೆಲವು ದಿನ ನಾಲ್ಕು. ಮೋಡವಿದ್ದ ದಿನ, ಗಾಳಿಯಿದ್ದ ದಿನ ವ್ಯತ್ಯಾಸವೇ ಇರುತ್ತಿರಲಿಲ್ಲ. ಆಕಾಶ ಶುಭ್ರವಾಗಿ ಗಾಳಿ ನಿಂತ ದಿನ ಮಾತ್ರ ನನ್ನ ಕಪ್ಪು ಹಲಗೆಯ ಬೆಟ್ಟ ತಲೆಕೆಳಗಾಗುತ್ತಿತ್ತು.

ಡಿಸೆಂಬರಿನ ಒಂದು ರಜೆಯ ದಿನ ನಾನೇ ಮೊದಲ ಬಸ್ಸಿಗೆ ಹೋದೆ. ಮೇಲಿನ ಬಂಡೆಯ ಮೇಲೆ ನಿಂತು ನೋಡಿದರೆ ನೈಋತ್ಯ ದಿಕ್ಕಿನಲ್ಲಿ, ಬಲು ದೂರದಲ್ಲಿ, ಕುಡತಿನಿಯ ವಿದ್ಯುತ್ ಸ್ಥಾವರದ ಚಿಮಣಿಗಳ ಹೊಗೆ ಒಂದಷ್ಟು ಮೇಲೇರಿ, ಅಲ್ಲಿ ಯಾರೋ ಚಾವಣಿ ಹಾಕಿದ್ದಾರೋ ಎಂಬಂತೆ ಅಡ್ಡಡ್ಡ ಹಾಸಿಕೊಂಡಿತ್ತು. ಕೆಳಗೆ ನಮ್ಮ ತಗ್ಗಿನಲ್ಲಿ ಮಂಜು ತಟ್ಟೆಯಲ್ಲಿ ಹಾಲು ಹಾಕಿದಂತೆ ನಿಂತಿತ್ತು. ಇಳಿಯುತ್ತಾ ಹೋದೆ. ಒಂದು ಜಾಗದಲ್ಲಿ ಪಾದ ಮಾತ್ರ ತಣ್ಣಗಾಯಿತು, ಆಮೇಲೆ ಮೊಣಕಾಲು, ಆಮೇಲೆ ಸೊಂಟ. ಹಳ್ಳದ ನೀರಿಗೆ ಇಳಿದಂತೆಯೇ. ತಂಪು ಗಾಳಿ ಭಾರ. ನಿಶ್ಶಬ್ದವಾದ ರಾತ್ರಿಯಲ್ಲಿ ಅದು ಇಳಿಜಾರಿನಗುಂಟ ನೀರಿನಂತೆ ಜಾರಿ ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಬಿಸಿ ಗಾಳಿ ಅದರ ಮೇಲೆ ತೇಲುತ್ತದೆ. ನನಗಿದು ಹೊಸದೇನೂ ಆಗಿರಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಆ ಬೆಟ್ಟದ ಚಿತ್ರ ಮುಗಿದ ಮೇಲಿನ ಪ್ಯಾರಾದಲ್ಲೇ ಇದೆ.

ದೊಡ್ಡವ್ವನಿಗೆ ಹೇಳಿದೆ. ಅವಳು ಟೀ ಲೋಟ ಕೆಳಗಿಟ್ಟಳು.

"ನಿಮ್ಮ ಪುಸ್ತಕದಾಗೂ ಐತೇನು? ಮತ್ತ ಅವತ್ತು ಯಾಕ ಹೇಳಲಿಲ್ಲ?"

"ಪರೀಕ್ಷೆಗೆ ಬರಲ್ಲ ಅಂತ ಆ ಪ್ಯಾರಾ ಬಿಡ್ತಿದ್ದೆ, ದೊಡ್ಡವ್ವ."

ಅವಳು ನಕ್ಕ ನಗುವಿಗೆ ನಿಲ್ಲಲಾಗದೆ ಬದುವಿನ ಮೇಲೆ ಕೂತಳು. ಕೂತಲ್ಲಿಂದ ಎದ್ದು ಮತ್ತೆ ನಕ್ಕಳು. ಎರಡು ವರ್ಷದಲ್ಲಿ ಮೊದಲ ಸಲ ನಕ್ಕಿದ್ದಳು. ನನಗೆ ಅಳು ಬರುವಷ್ಟು ಹಗುರಾಯಿತು. ಮುಂದಿನ ಬೇಸಿಗೆಯಲ್ಲೇ ಮೇಲಿನ ಬಳ್ಳಿಗಳನ್ನೆಲ್ಲ ಕೀಳಿಸಿ ಅಲ್ಲಿ ಸೀತಾಫಲ ಹಾಕಿದಳು. ತಗ್ಗಿನ ಸುತ್ತ ಎರಡು ಎಕರೆಯಷ್ಟು ಹೊಸ ಶಿರಾಜ್ ನೆಟ್ಟಳು. ಮಾವ ತನ್ನ ಒಂದೆರಡು ಬಳ್ಳಿಗಳನ್ನು ಎಮ್ಮೆ ಕಟ್ಟುವ ಜಾಗದ ಚಪ್ಪರಕ್ಕೆ ಹಬ್ಬಿಸಿ, ಉಳಿದದ್ದೆಲ್ಲ ಕಿತ್ತು ಮತ್ತೆ ಭತ್ತ ಹಾಕಿದ. ಎಮ್ಮೆಗಳು ಕತ್ತು ಚಾಚಿ ಎಲೆ ತಿನ್ನುತ್ತಿದ್ದವು. ಹಾಲಿನ ರುಚಿಯೇ ಬದಲಾಗಿದೆ ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದ.

ಹೊಸ ಬಳ್ಳಿ ಫಸಲಿಗೆ ಬರುವ ವರ್ಷ ದೊಡ್ಡವ್ವ ಇನ್ನೊಂದು ಮಾತು ತೆಗೆದಳು. "ಚಳಿ ಇರೋದು ಡಿಸೆಂಬರ್, ಜನವರಿ. ಹಣ್ಣಾಗೋದು ಮಾರ್ಚ್. ಮಾರ್ಚಿನ್ಯಾಗ ತಗ್ಗಿನ್ಯಾಗೂ ಧಗಿ ಐತಿ. ಒಂದು ತಿಂಗಳ ಮುಂಚೆ ಕತ್ತರಿ ಹಾಕಿದ್ರ?"

ಆಫೀಸರ್ ತಲೆಯಾಡಿಸಿದ. "ಸೆಪ್ಟೆಂಬರಿನ್ಯಾಗ ಚಾಟ್ನಿ ಮಾಡಿದ್ರ ಅಕ್ಟೋಬರ್ ಮಳಿ ಎಳೀ ಚಿಗುರಿನ ಮ್ಯಾಲ ಬೀಳ್ತೈತ್ರಿ. ರೋಗ ಹತ್ತಿದ್ರ ಎಂಟು ದಿನದಾಗ ತೋಟ ಹೋಗ್ತೈತಿ. ನಮ್ಮ ಕಂಪನಿ ಬ್ಯಾಡ ಅಂತೈತ್ರಿ."

"ಕಂಪನಿ ತಗ್ಗಿನ್ಯಾಗ ನಿಂತು ನೋಡೈತೇನು?"

ಅವನು ನನ್ನ ಕಡೆ ತಿರುಗಿದ. ನಾನು ಗಂಟಲು ಸರಿಮಾಡಿಕೊಳ್ಳಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಆ ಮಾತನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಅಂಥ ಕಷ್ಟವೇನೂ ಆಗಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಕತ್ತರಿ ಬಿತ್ತು. ಚಿಗುರು ಚೆನ್ನಾಗಿ ಬಂತು, ಹೂವು ಬಂತು, ಸಾಸಿವೆಯಂಥ ಕಾಯಿ ಕಚ್ಚಿತು. ಆಗ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೂರು ದಿನ ಜಿಟಿಜಿಟಿ ಮಳೆ ಹಿಡಿಯಿತು. ನಾಲ್ಕನೇ ದಿನ ಎಲೆಗಳ ಮೇಲೆ ಎಣ್ಣೆ ಬಿದ್ದಂಥ ಹಳದಿ ಚುಕ್ಕೆ, ತಿರುಗಿಸಿದರೆ ಕೆಳಗೆ ಬಿಳಿ ಬೂಸು. ತಂಪನ್ನು ಹಿಡಿದಿಡುತ್ತಿದ್ದ ಆ ತಗ್ಗೇ ಈಗ ತೇವವನ್ನೂ ಹಿಡಿದಿಟ್ಟುಕೊಂಡಿತ್ತು. ಮೇಲೆ ಸೀತಾಫಲದ ಎಲೆ ಒಣಗಿ ಹೊಳೆಯುತ್ತಿದ್ದರೂ ಕೆಳಗೆ ಹತ್ತು ಗಂಟೆಯಾದರೂ ಬಳ್ಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ದೊಡ್ಡವ್ವ ನನಗೆ ಫೋನ್ ಮಾಡಲಿಲ್ಲ. ತಮ್ಮನಿಗೆ ಮಾಡಿದಳು. ಅವನ ಹತ್ತಿರ ಟ್ರ್ಯಾಕ್ಟರಿಗೆ ಕಟ್ಟುವ ಔಷಧಿ ಹೊಡೆಯುವ ಯಂತ್ರವಿತ್ತು. ಸುದ್ದಿ ಕೇಳಿ ನಾನು ರಜೆ ಹಾಕಿ ಹೋಗುವಷ್ಟರಲ್ಲಿ ಮಾವ ಸಿರಿಗೇರಿಯಿಂದ ಟ್ರ್ಯಾಕ್ಟರ್ ಓಡಿಸಿಕೊಂಡು ಬಂದು, ಕರವಸ್ತ್ರ ಮೂತಿಗೆ ಕಟ್ಟಿಕೊಂಡು, ಸಾಲುಗಳ ನಡುವೆ ಔಷಧಿ ಹೊಡೆಯುತ್ತಿದ್ದ. ಹಿಂದಿನ ರಾತ್ರಿಯವರೆಗೂ ಮಳೆ ಬಿದ್ದ ನೆಲದಲ್ಲಿ ಟ್ರ್ಯಾಕ್ಟರ್ ಸಲೀಸಾಗಿ ಓಡುತ್ತಿತ್ತು.

"ನಮ್ಮ ಎರಿಯಾಗ ಇವತ್ತು ಕಾಲಿಟ್ರ ಚಪ್ಪಲಿ ಅಲ್ಲೇ ಬಿಟ್ಟು ಬರಬೇಕು ನೋಡು," ಎಂದ ಮಾವ. ಆ ನೆಲದ ಬಗ್ಗೆ ಆತ ಆಡಿದ ಮೊದಲ ಒಳ್ಳೆಯ ಮಾತು ಅದು.

ದೊಡ್ಡವ್ವ ಕತ್ತರಿ ಹಿಡಿದು ಒಂದೊಂದೇ ಬಳ್ಳಿಯ ಮುಂದೆ ನಿಲ್ಲುತ್ತಿದ್ದಳು. ರೋಗ ಹತ್ತಿದ ಗೊಂಚಲನ್ನೂ, ಹತ್ತಬಹುದೆಂದು ಅನುಮಾನ ಬಂದ ಗೊಂಚಲನ್ನೂ, ಗಾಳಿಗೆ ಅಡ್ಡವಾದ ಎಲೆಗಳನ್ನೂ ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಬುಟ್ಟಿಗಳು ತುಂಬುತ್ತಾ ಹೋದವು. ಅರ್ಧಕ್ಕಿಂತ ಹೆಚ್ಚು ಫಸಲು ಬುಟ್ಟಿ ಸೇರಿತು. ನಡುನಡುವೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಮಳೆ ನಿಂತು ಆಗಲೇ ಬಹಳ ಹೊತ್ತಾಗಿತ್ತು.

ಮಧ್ಯಾಹ್ನ ಮೂವರೂ ಬದುವಿನ ಮೇಲೆ ಕೂತು ಪೇಪರಿನಲ್ಲಿ ಮಂಡಕ್ಕಿ, ಮಿರ್ಚಿ ಹಾಕಿಕೊಂಡು ತಿನ್ನುತ್ತಿದ್ದೆವು. ಮಾವ ಕೈಯ ಔಷಧಿಯ ನೀಲಿ ಕಲೆ ಉಜ್ಜಿಕೊಳ್ಳುತ್ತಾ, ನಮ್ಮಿಬ್ಬರನ್ನೂ ನೋಡದೆ ಹೇಳಿದ:

"ಅಕ್ಕಾ, ಪಾಲು ಮಾಡೋವಾಗ ಅಪ್ಪ ಇದನ್ನ ನಂಗ ಕೊಡ್ತೀನಿ, ನಿಂಗ ಸಿರಿಗೇರ್ಯಾಗ ಒಂದು ಎಕರೆ ಅಂದಿದ್ದ. ಕಲ್ಲು ನಂಗ್ಯಾಕ ಬೇಕು ಅಂತ ನಾನ ಜಗಳ ತಗದಿದ್ದೆ."

"ಗೊತ್ತೈತಿ," ಎಂದಳು ದೊಡ್ಡವ್ವ. "ಬಾಗಲ ಹಿಂದ ನಿಂತಿದ್ದೆ ನಾನು."

ನಲವತ್ತು ವರ್ಷ ಅದನ್ನು ಇಟ್ಟುಕೊಂಡಿದ್ದವಳು ಅಷ್ಟು ಹೇಳಿ, ಆತನ ಪೇಪರಿಗೆ ಇನ್ನೂ ನಾಲ್ಕು ಮಿರ್ಚಿ ಹಾಕಿದಳು. ಗಿರಣಿಯ ಗಂಟಲಿನವಳು ಅವತ್ತು ಎಷ್ಟು ಮೆಲ್ಲಗೆ ಮಾತಾಡಿದಳೆಂದರೆ ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅನುಮಾನವಾಯಿತು. ಮಾವ ಮಿರ್ಚಿ ತಿಂದ, ಖಾರ ಹತ್ತಿತು ಎಂದು ಕಣ್ಣೊರೆಸಿಕೊಂಡ, ಎದ್ದು ಮತ್ತೆ ಟ್ರ್ಯಾಕ್ಟರ್ ಹತ್ತಿದ.

ಜನವರಿಯ ಕೊನೆಯ ವಾರ ಹಣ್ಣು ಕಿತ್ತರು. ಬೆಳಗಿನ ತಂಪಿನಲ್ಲೇ ಕೀಳಬೇಕಿತ್ತು. ಕೆಲಸದವರು ತಲೆಗೆ ಮಫ್ಲರ್ ಸುತ್ತಿಕೊಂಡು ತಗ್ಗಿಗೆ ಬೈಯುತ್ತಾ ಕಿತ್ತರು. ಆಫೀಸರ್ ಕೊಳವೆ ತೆಗೆದು ನೋಡಿದ, ತಿಂದು ನೋಡಿದ, ಮತ್ತೊಂದು ತಿಂದ. ಹಣ್ಣು ಸ್ವಲ್ಪವೇ ಇತ್ತು, ಒಂದು ಸಣ್ಣ ಗಾಡಿಯೂ ತುಂಬಲಿಲ್ಲ. ಇದನ್ನು ಬೇರೆ ಯಾರ ಹಣ್ಣಿಗೂ ಬೆರೆಸದೆ ಬೇರೆಯಾಗಿಯೇ ಹಾಕಿಸುತ್ತೇನೆಂದು ಹೇಳಿ ಒಯ್ದ. ಸೆಪ್ಟೆಂಬರ್ ಚಾಟ್ನಿಯ ಮಾತನ್ನು ಕಂಪನಿಗೆ ತನ್ನದೇ ಉಪಾಯವೆಂದು ಹೇಳಿಕೊಂಡಿದ್ದಾನೆಂದು ಆಮೇಲೆ ಗೊತ್ತಾಯಿತು. "ಮಳಿ ಬಂದಾಗ ಬೈಸಿಕೊಳ್ಳೋನೂ ಅವನ ಆಗ್ಲಿ," ಎಂದಳು ದೊಡ್ಡವ್ವ.

ಒಂದೂವರೆ ವರ್ಷದ ಮೇಲೆ ಅವನು ಚೀಟಿ ಅಂಟಿಸದ ಎರಡು ಬಾಟಲಿ ತಂದುಕೊಟ್ಟ. ಮನೆಯಲ್ಲಿ ತೆರೆಯುವುದು ಬೇಡವೆಂದು ಮಾವನೇ ಹೇಳಿದ್ದರಿಂದ ಭಾನುವಾರ ಮಧ್ಯಾಹ್ನ ಗಿರಣಿ ಬಂದ್ ಮಾಡಿಸಿ, ಬಾಗಿಲು ಮುಂದೆ ಮಾಡಿ, ಜೋಳದ ಹಿಟ್ಟಿನ ಧೂಳಿನ ನಡುವೆ ನಾಲ್ವರೂ ಕೂತೆವು. ಬಿರಡೆ ತೆಗೆಯುವ ಸಾಧನ ಯಾರ ಹತ್ತಿರವೂ ಇರಲಿಲ್ಲ, ಆಫೀಸರನ ಹತ್ತಿರವೂ. ಮಾವ ಗಿರಣಿಯ ಸ್ಕ್ರೂ ಡ್ರೈವರಿನಿಂದ ಬಿರಡೆಯನ್ನು ಒಳಗೇ ನೂಕಿದ. ಸ್ಟೀಲ್ ಲೋಟಗಳಿಗೆ ಹಾಕಿದೆವು. ಲೋಟ ತಿರುಗಿಸಿ ಮೊದಲು ಮೂಸಬೇಕು ಎಂದ ಆಫೀಸರ್. ದೊಡ್ಡವ್ವ ತಿರುಗಿಸಿದ ರಭಸಕ್ಕೆ ಒಂದಿಷ್ಟು ಮಾವನ ಅಂಗಿಯ ಮೇಲೆ ಬಿತ್ತು.

ಮಾವ ಒಂದು ಗುಟುಕು ಕುಡಿದು, "ಕೆಮ್ಮಿನ ಔಷಧಿ," ಎಂದ. ನಾನು ನೇರಳೆ ಹಣ್ಣಿನ ವಾಸನೆ ಬರುತ್ತಿದೆ ಎಂದೆ. ಬರುತ್ತಿತ್ತೋ, ಬರಲೇಬೇಕೆಂದು ಅನ್ನಿಸಿತೋ ಇವತ್ತಿಗೂ ಹೇಳಲಾರೆ. ದೊಡ್ಡವ್ವ ಜೀವನದಲ್ಲಿ ಮೊದಲ ಸಲ ಲೋಟವನ್ನು ತುಟಿಗಿಟ್ಟು, ಸ್ವಲ್ಪವೇ ಬಾಯಿಗೆ ತಗೊಂಡು, ನುಂಗದೆ ಹಾಗೇ ಹಿಡಿದು ಕೂತಳು. ಮುಖ ಕಿವುಚಿತು. ನುಂಗಿದಳು. ನಾವು ಮೂವರೂ ಕಾಯುತ್ತಿದ್ದೆವು.

"ಹುಳಿ ಐತಿ," ಎಂದಳು. ಮಗು ತನ್ನ ಹೆಸರು ಹೇಳಿದಾಗ ತಾಯಿ ಸುತ್ತಲಿನವರನ್ನು ನೋಡುವಂತೆ ನಮ್ಮನ್ನೆಲ್ಲ ನೋಡಿದಳು. "ಕೆಟ್ಟ ರುಚಿ. ಆದ್ರ ಹುಳಿ ಐತಿ."

ಎರಡನೇ ಗುಟುಕು ತಗೊಳ್ಳಲಿಲ್ಲ. ಲೋಟದಲ್ಲಿ ಉಳಿದದ್ದನ್ನು ಆಫೀಸರನ ಲೋಟಕ್ಕೆ ಸುರಿದು, ಎದ್ದು ಕೈ ತೊಳೆದುಕೊಂಡು, ಜೋಳ ಬೀಸಿಸಲು ಬಂದು ಹೊರಗೆ ನಿಂತಿದ್ದವರಿಗೆ ಬಾಗಿಲು ತೆರೆದಳು.

ಈ ವರ್ಷದ ಚಾಟ್ನಿ ಮುಗಿದಿದೆ. ಈ ಸಲ ಸಾಲುಗಳ ನಡುವೆ ಗಾಳಿ ಓಡಾಡಲೆಂದು ಕಡ್ಡಿಗಳನ್ನು ಇನ್ನೂ ಕಡಿಮೆ ಉಳಿಸಿದ್ದಾಳೆ. ಮಾವ ಅಕ್ಟೋಬರ್ ಮುಗಿಯುವ ತನಕ ಔಷಧಿಯ ಯಂತ್ರವನ್ನು ಕುರುಗೋಡಿನಲ್ಲೇ ಬಿಟ್ಟಿದ್ದಾನೆ. ನಿನ್ನೆ ಸಂಜೆ ಮೂಡಣದಲ್ಲಿ ಮೋಡ ಕಟ್ಟಿತ್ತು. ಮಳೆ ಬರುತ್ತದೇನು ಎಂದು ದೊಡ್ಡವ್ವ ಫೋನ್ ಮಾಡಿದಳು. ಗೊತ್ತಿಲ್ಲ ಎಂದೆ. "ಚಲೋ ಆತು," ಎಂದು ಇಟ್ಟಳು.